ಒಂದು ತಾಲ್ಲೂಕು, ಒಂದು ವಿಷಯ: ಬಹುಮಾಧ್ಯಮ ಪತ್ರಿಕೋದ್ಯಮಕ್ಕೆ ಇಳಿಯುವವರಿಗೆ ಕೈಪಿಡಿ

ಪತ್ರಿಕೋದ್ಯಮ ಓದಿ ಮುಗಿಸಿದವರೂ, ಬೇರೇನೋ ಓದಿ ಈ ಕಡೆ ಬರಬೇಕೆಂದಿರುವವರೂ ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಬೇಕು ಎಂದು. ಅದಕ್ಕಿಂತ ಮುಂಚೆ ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದಿದೆ: ಯಾವ ತಾಲ್ಲೂಕಿನ ಯಾವ ವಿಷಯದ ಬೆನ್ನು ಹತ್ತುತ್ತೀರಿ? ಶೂಟ್ ಮಾಡಲು, ಎಡಿಟ್ ಮಾಡಲು, ನಾಲ್ಕು ಪುಟ ಬರೆಯಲು ಬರುವವರು ಬೇಕಾದಷ್ಟು ಜನ ಸಿಗುತ್ತಾರೆ. ಒಂದು ಹೋಬಳಿಯ ಕುಡಿಯುವ ನೀರಿನ ಪರೀಕ್ಷಾ ವರದಿ ಯಾವ ಕಚೇರಿಯ ಯಾವ ಕಡತದಲ್ಲಿರುತ್ತದೆ, ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಎಂದರೆ ಏನರ್ಥ, ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಉತ್ತರ ಹೇಳಬೇಕಾದವರು ಯಾರು ಎಂದು ಬಲ್ಲವರು ಕಡಿಮೆ. ಕೆಲಸ ಸಿಗುವುದೂ, ಸಿಕ್ಕ ಕೆಲಸಕ್ಕೆ ಬೆಲೆ ಬರುವುದೂ ಈ ತಿಳಿವಳಿಕೆಯಿಂದ.

ಇಲ್ಲಿ ಎರಡು ವೃತ್ತಿಗಳು ಅಕ್ಕಪಕ್ಕದಲ್ಲಿವೆ. ಬಹುಮಾಧ್ಯಮ ಪತ್ರಕರ್ತರು ನಡೆದದ್ದನ್ನು ಹುಡುಕಿ, ಪರಿಶೀಲಿಸಿ, ಬರಹ, ಧ್ವನಿ, ಚಿತ್ರ, ವಿಡಿಯೋಗಳಲ್ಲಿ ಯಾವುದು ಹೊಂದುತ್ತದೋ ಅದರಲ್ಲಿ ಹೇಳುತ್ತಾರೆ. ಸಾರ್ವಜನಿಕ ಹಿತದ ಸಂವಹನ ಮಾಡುವವರು ಜನ ಒಂದು ಕೆಲಸವನ್ನು ಸರಿಯಾದ ಹೊತ್ತಿಗೆ ಮಾಡುವಂತೆ ಮಾಹಿತಿ ಮುಟ್ಟಿಸುತ್ತಾರೆ. ಉಪಕರಣ ಒಂದೇ, ನಿಷ್ಠೆ ಬೇರೆ. ಪತ್ರಕರ್ತರು ಇಲಾಖೆಯನ್ನು ಪ್ರಶ್ನಿಸುತ್ತಾರೆ, ಸಂವಹನಕಾರರು ಅನೇಕ ಸಲ ಅದೇ ಇಲಾಖೆಯ ಜೊತೆ ಕೆಲಸ ಮಾಡುತ್ತಾರೆ. ಒಂದೇ ವಿಷಯದಲ್ಲಿ ಒಂದೇ ಕಾಲಕ್ಕೆ ಎರಡನ್ನೂ ಮಾಡಬೇಡಿ. ಆರೋಗ್ಯ ಇಲಾಖೆಯಿಂದ ಹಣ ಪಡೆದು ಜಾಗೃತಿ ವಿಡಿಯೋ ಮಾಡಿಕೊಟ್ಟವರು ಅದೇ ಇಲಾಖೆಯ ಬಗ್ಗೆ ವರದಿ ಬರೆದರೆ, ಬರೆದದ್ದು ನಿಜವೇ ಆಗಿದ್ದರೂ ನಂಬುವವರು ಇರುವುದಿಲ್ಲ.

ಎರಡನ್ನೂ ಒಂದೇ ಉದಾಹರಣೆ ಇಟ್ಟುಕೊಂಡು ನೋಡೋಣ: ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ವೈರಸ್ ಇದು. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಸಣ್ಣ ಹುಳದಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹೆಚ್ಚು ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ತನಕ, ಅಂದರೆ ಮಲೆನಾಡಿನವರು ಕೊಟ್ಟಿಗೆಗೆ, ತೋಟಕ್ಕೆ ತರಗೆಲೆ ಒಟ್ಟುಮಾಡಲು ಕಾಡಿಗೆ ಹೋಗುವ ತಿಂಗಳುಗಳಲ್ಲೇ. ಹಿಂದೆ ಕೊಡುತ್ತಿದ್ದ ಲಸಿಕೆ 2022ರಲ್ಲಿ ನಿಂತಿತು. ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯನ್ನು ಇಲಾಖೆ ಹಂಚುತ್ತದೆ. ವಿಜ್ಞಾನ, ಆಡಳಿತ, ಬಡತನ, ಕಾಡು, ದನ, ಭಯ, ವದಂತಿ ಎಲ್ಲವೂ ಈ ಒಂದು ವಿಷಯದೊಳಗೆ ಇವೆ. ನಿಮ್ಮ ಊರು ಬಯಲುಸೀಮೆಯದಾದರೆ ಫ್ಲೋರೈಡ್ ತೆಗೆದುಕೊಳ್ಳಿ, ಕರಾವಳಿಯದಾದರೆ ಕಡಲ್ಕೊರೆತ. ಹೆಜ್ಜೆಗಳು ಇವೇ.

ಮೊದಲು ಕಾಗದ, ಆಮೇಲೆ ಕ್ಯಾಮೆರಾ

ಊರಿಗೆ ಹೋಗಿ ನಾಲ್ಕು ಜನರ ಬೈಟ್ ತಂದು ಸ್ಟೋರಿ ಕಟ್ಟುವುದು ಸುಲಭ. ಆದರೆ ‘ಎಣ್ಣೆ ಬಂದೇ ಇಲ್ಲ’ ಎಂದು ಗ್ರಾಮಸ್ಥರು, ‘ಸಾಕಷ್ಟು ದಾಸ್ತಾನಿದೆ’ ಎಂದು ಅಧಿಕಾರಿ ಹೇಳಿದರೆ ಅದು ವರದಿಯಲ್ಲ, ಎರಡು ಹೇಳಿಕೆಗಳು ಅಷ್ಟೆ. ಯಾವುದು ನಿಜ ಎಂದು ಹೇಳುವುದು ದಾಸ್ತಾನು ವಹಿ.

ಮಾಹಿತಿ ಹಕ್ಕು ಕಾಯ್ದೆ 2005ರ ಅರ್ಜಿಯನ್ನು ಕರ್ನಾಟಕದಲ್ಲಿ ನಮೂನೆ ‘ಎ’ಯಲ್ಲಿ, ₹10 ಶುಲ್ಕದೊಂದಿಗೆ ಕೊಡಬೇಕು. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ರಾಜ್ಯದ ನಿಯಮದಲ್ಲಿ ಹೊಸಬರು ಎಡವುವ ಜಾಗ ಒಂದಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳೊಳಗೆ. ಎಣ್ಣೆ, ಸಿಬ್ಬಂದಿ, ಅನುದಾನ ಮೂರನ್ನೂ ಒಂದೇ ಹಾಳೆಯಲ್ಲಿ ಕೇಳಿದರೆ ಇದೇ ನಿಯಮ ತೋರಿಸಿ ವಾಪಸ್ ಕಳಿಸುತ್ತಾರೆ, ಒಂದು ತಿಂಗಳು ಹೋಯಿತು. ಮೂರು ಅರ್ಜಿ ಹಾಕಿ. ಎರಡನೆಯ ತಪ್ಪು ‘ಏಕೆ’ ಎಂದು ಕೇಳುವುದು. ಕಾಯ್ದೆ ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನು. ವಿವರಣೆ ಕೊಡುವ ಹೊಣೆ ಮಾಹಿತಿ ಅಧಿಕಾರಿಯ ಮೇಲಿಲ್ಲ. ‘ಎಣ್ಣೆ ಏಕೆ ಹಂಚಿಲ್ಲ’ ಎನ್ನುವ ಬದಲು ಹೀಗೆ ಬರೆಯಿರಿ: ‘ಇಂಥ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 2024ರ ನವೆಂಬರ್ 1ರಿಂದ 2025ರ ಮೇ 31ರವರೆಗೆ ಸರಬರಾಜಾದ ಹಾಗೂ ವಿತರಣೆಯಾದ ಡೇಪಾ ಎಣ್ಣೆಯ ದಾಸ್ತಾನು ವಹಿಯ ದೃಢೀಕೃತ ಪ್ರತಿ.’ ದಿನಾಂಕ, ಸ್ಥಳ, ಕಡತದ ಹೆಸರು ಮೂರೂ ಇದ್ದರೆ ತಪ್ಪಿಸಿಕೊಳ್ಳುವ ದಾರಿ ಕಡಿಮೆ. ಕಡತದ ಹೆಸರು ಗೊತ್ತಿಲ್ಲದಿದ್ದರೆ ಆ ಕೇಂದ್ರದ ಫಾರ್ಮಸಿ ಅಧಿಕಾರಿಯನ್ನು ಕೇಳಿ, ಅವರಿಗೆ ಬಾಯಿಪಾಠ ಇರುತ್ತದೆ. ರೋಗಿಗಳ ಹೆಸರನ್ನು ಯಾವ ಅರ್ಜಿಯಲ್ಲೂ ಕೇಳಬೇಡಿ.

ಉತ್ತರಕ್ಕೆ 30 ದಿನ. ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ. ತಪ್ಪು ಕಚೇರಿಗೆ ಹೋಗಿದ್ದರೆ 5 ದಿನದೊಳಗೆ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಬೇಕು. ಉತ್ತರ ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಡಿಸೆಂಬರಿನಲ್ಲಿ ಪ್ರಕಟಿಸಬೇಕಾದ ವರದಿಗೆ ಜೂನ್, ಜುಲೈನಲ್ಲೇ ಅರ್ಜಿ ಬೀಳಬೇಕು ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಅಂಕಿಅಂಶ ಕೈಗೆ ಬಂದ ಮೇಲೆ ಮೂರು ಪದಗಳನ್ನು ಬೇರೆಬೇರೆ ಇಡಿ: ಶಂಕಿತ, ಪರೀಕ್ಷಿಸಿದ, ದೃಢಪಟ್ಟ. ಇವನ್ನು ಕಲಸಿದ ವರದಿಗಳೇ ಊರಿನಲ್ಲಿ ಗಾಬರಿ ಎಬ್ಬಿಸುವುದು. ಕಳೆದ ವರ್ಷ 200 ಜನರನ್ನು, ಈ ವರ್ಷ 2,000 ಜನರನ್ನು ಪರೀಕ್ಷಿಸಿದ್ದರೆ ಪ್ರಕರಣ ಹೆಚ್ಚಾಗಿ ಕಾಣುವುದು ಸಹಜ. ಪರೀಕ್ಷೆಯ ಸಂಖ್ಯೆ ಕೊಡದೆ ಪ್ರಕರಣದ ಸಂಖ್ಯೆ ಕೊಡಬೇಡಿ. ಎರಡು ಇದ್ದದ್ದು ನಾಲ್ಕಾದರೆ ‘ಶೇ 100ರಷ್ಟು ಏರಿಕೆ’ ಎಂದು ಶೀರ್ಷಿಕೆ ಕೊಡುವುದು ಲೆಕ್ಕದಲ್ಲಿ ಸರಿ, ಓದುಗರಿಗೆ ಮೋಸ. ‘ಎರಡರಿಂದ ನಾಲ್ಕಕ್ಕೆ’ ಎಂದೇ ಬರೆಯಿರಿ.

ಚೀಲದಲ್ಲಿ ಏನಿರಬೇಕು

ಈಗ ಕೈಯಲ್ಲಿರುವ ಫೋನ್ 1080ಪಿ ವಿಡಿಯೋ ತೆಗೆಯುವುದಾದರೆ ಅದೇ ಸಾಕು. ಹಣ ಖರ್ಚು ಮಾಡುವುದಿದ್ದರೆ ಈ ಕ್ರಮದಲ್ಲಿ ಮಾಡಿ: ಮೊದಲು ಕಾಲರ್ ಮೈಕ್ (ವೈರ್ ಇರುವುದು ₹1,000ದ ಆಸುಪಾಸಿಗೆ ಸಿಗುತ್ತದೆ), ಆಮೇಲೆ ವೈರ್ ಇರುವ ಹೆಡ್‌ಫೋನ್, ಟ್ರೈಪಾಡ್, 20,000 ಎಂಎಎಚ್ ಪವರ್‌ಬ್ಯಾಂಕ್, ಹಾರ್ಡ್‌ಡಿಸ್ಕ್. ಕ್ಯಾಮೆರಾ ಕೊನೆಗೆ. ಅಲುಗಾಡುವ ಚಿತ್ರವನ್ನು ಜನ ಸಹಿಸುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಹತ್ತು ಸೆಕೆಂಡಿನಲ್ಲಿ ಮುಂದಕ್ಕೆ ಹೋಗುತ್ತಾರೆ.

ಕಾಲರ್ ಮೈಕಿನ ವಿಷಯದಲ್ಲಿ ಅತಿ ಹೆಚ್ಚು ಕೆಲಸ ಕೆಡಿಸುವುದು ಅದರ ಪಿನ್ನು. ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಅದು ಟಿಆರ್‌ಎಸ್, ಕ್ಯಾಮೆರಾಕ್ಕೆ. ಮೂರು ಗೆರೆ ಇದ್ದರೆ ಟಿಆರ್‌ಆರ್‌ಎಸ್, ಫೋನಿಗೆ. ಕ್ಯಾಮೆರಾದ ಪಿನ್ನನ್ನು ಫೋನಿಗೆ ಚುಚ್ಚಿದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಫೋನು ಸದ್ದಿಲ್ಲದೆ ತನ್ನದೇ ಮೈಕಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತದೆ. ಎರಡು ಮಾರು ದೂರದ ಮಾತು, ನಡುವೆ ನಿಮ್ಮ ಉಸಿರು, ಎಲ್ಲವೂ ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಶೂಟ್ ಶುರುವಾಗುವ ಮುಂಚೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಆ ಹೊತ್ತಿನಲ್ಲಿ ಮೈಕಿನ ತಲೆಯನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ವಾಪಸ್ ಕೇಳಿದಾಗ ‘ಟಕ್ ಟಕ್’ ಜೋರಾಗಿ ಬಂದರೆ ಮೈಕ್ ಕೆಲಸ ಮಾಡುತ್ತಿದೆ. ದೂರದಲ್ಲಿ ಕೇಳಿದಂತೆ ಬಂದರೆ ಪಿನ್ ನೋಡಿ.

ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಸೀರೆ ಉಟ್ಟವರಾದರೆ ಸೆರಗಿನ ಅಂಚಿಗೆ ಸಿಕ್ಕಿಸುವುದು ವಾಡಿಕೆ, ಆದರೆ ಅಲ್ಲೇ ತಾಳಿ ಸರ ಓಡಾಡುತ್ತಿರುತ್ತದೆ. ಪ್ರತಿ ಉಸಿರಿಗೂ ಸರ ಮೈಕಿಗೆ ತಗುಲಿ ‘ಕಿರ್’ ಎನ್ನುತ್ತದೆ, ಎಡಿಟಿಂಗಿನಲ್ಲಿ ಅದನ್ನು ತೆಗೆಯಲು ಆಗುವುದಿಲ್ಲ. ಸರ ಯಾವ ಕಡೆ ಬೀಳುತ್ತದೆ ನೋಡಿಕೊಂಡು ಮೈಕನ್ನು ಹೆಗಲಿನ ಕಡೆ ಎರಡು ಬೆರಳು ಸರಿಸಿ. ಮೈಕನ್ನು ನೀವೇ ಸಿಕ್ಕಿಸಲು ಹೋಗದೆ ಅವರ ಕೈಗೋ, ಮನೆಯ ಹೆಣ್ಣುಮಕ್ಕಳ ಕೈಗೋ ಕೊಟ್ಟು ಎಲ್ಲಿ ಎಂದು ತೋರಿಸಿ. ಫ್ಯಾನ್, ಮಿಕ್ಸಿ, ಫ್ರಿಜ್ ಆರಿಸಲು ಕೇಳಿಕೊಳ್ಳಿ. ಫ್ರಿಜ್ ಆರಿಸಿದರೆ ನಿಮ್ಮ ಬೈಕಿನ ಕೀಲಿಯನ್ನು ಅದರೊಳಗೇ ಇಡಿ. ಹೊರಡುವಾಗ ಮತ್ತೆ ಹಾಕಲು ಮರೆಯುವುದಿಲ್ಲ, ಅವರ ಮನೆಯ ಹಾಲು ಒಡೆಯುವುದಿಲ್ಲ.

ರೆಕಾರ್ಡಿಂಗ್ 48 ಕಿಲೋಹರ್ಟ್ಸ್, ಸಾಧ್ಯವಿದ್ದರೆ ವೇವ್ ಕಡತದಲ್ಲಿ. ಮಟ್ಟ ಮೈನಸ್ 12 ಡೆಸಿಬಲ್ ಸುತ್ತಮುತ್ತ ಇರಲಿ, ಸೊನ್ನೆ ಮುಟ್ಟಿದರೆ ಧ್ವನಿ ಒಡೆದೇ ಹೋಯಿತು. ಮಾತು ಮುಗಿದ ಮೇಲೆ ಯಾರೂ ಅಲುಗದೆ 30 ಸೆಕೆಂಡ್ ಆ ಜಾಗದ ಮೌನವನ್ನೇ ರೆಕಾರ್ಡ್ ಮಾಡಿಕೊಳ್ಳಿ. ಎಡಿಟ್ ಮಾಡುವಾಗ ಎರಡು ಮಾತಿನ ನಡುವೆ ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಅದೇ ಬೇಕು. ಪೂರ್ತಿ ನಿಶ್ಶಬ್ದ ಇಟ್ಟರೆ ಕೇಳುವವರಿಗೆ ಫೋನ್ ಕಟ್ಟಾದಂತೆ ಅನಿಸುತ್ತದೆ.

ವಿಡಿಯೋ ಸೆಕೆಂಡಿಗೆ 25 ಫ್ರೇಮ್‌ನಲ್ಲಿ, ಶಟರ್ ವೇಗ 1/50 ಸೆಕೆಂಡಿನಲ್ಲಿ ಇಡಿ. ನಮ್ಮ ವಿದ್ಯುತ್ 50 ಹರ್ಟ್ಸ್. ಫೋನು ತಾನಾಗಿ ಆರಿಸಿಕೊಳ್ಳುವ 30 ಫ್ರೇಮ್‌ನಲ್ಲಿ ಆಸ್ಪತ್ರೆಯ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಪರದೆ ತುಂಬ ಪಟ್ಟೆಗಳು ಓಡುತ್ತವೆ. ಫೋನಿನ ಸ್ವಂತ ಆ್ಯಪ್ ಇದನ್ನು ಬಿಡದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿ ಸಿಗುತ್ತದೆ. ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಏರೋಪ್ಲೇನ್ ಮೋಡ್ ಹಾಕಿ. 1080ಪಿ ವಿಡಿಯೋ ಗಂಟೆಗೆ ಸುಮಾರು 8 ಜಿಬಿ ತಿನ್ನುತ್ತದೆ, ಹೊರಡುವ ಮುಂಚೆ ಜಾಗ ಖಾಲಿ ಮಾಡಿಕೊಳ್ಳಿ. ಫೋನ್ ವಿಡಿಯೋದ ಇನ್ನೊಂದು ಕಾಟ ಏನೆಂದರೆ ಫ್ರೇಮ್ ಸಂಖ್ಯೆ ಒಳಗೊಳಗೇ ಏರಿಳಿಯುತ್ತದೆ. ಹತ್ತು ನಿಮಿಷದ ಸಂದರ್ಶನದ ಕೊನೆಯಲ್ಲಿ ತುಟಿ ಮುಂದೆ, ಮಾತು ಹಿಂದೆ. ಎಡಿಟಿಂಗಿಗೆ ಹಾಕುವ ಮುಂಚೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸ್ಥಿರ 25 ಫ್ರೇಮ್‌ಗೆ ಪರಿವರ್ತಿಸಿ.

ತರಗೆಲೆ ಒಟ್ಟುವ ಕೆಲಸವನ್ನೇ ತೆಗೆಯುತ್ತಿದ್ದೀರಿ ಎನ್ನಿ. ಐದು ಶಾಟ್, ಪ್ರತಿಯೊಂದೂ ಅಲುಗದೆ ಹತ್ತು ಸೆಕೆಂಡ್: ಎಲೆ ಬಾಚುವ ಕೈ, ಕೆಲಸದಲ್ಲಿ ಮುಳುಗಿದ ಮುಖ, ಕಾಡಿನ ನಡುವೆ ಅವರು ಎಲ್ಲಿದ್ದಾರೆ ಎಂದು ತೋರಿಸುವ ದೂರದ ನೋಟ, ಅವರ ಹೆಗಲ ಮೇಲಿಂದ ಕಾಣುವುದು, ಮತ್ತೆ ನೆಲಕ್ಕೆ ಫೋನಿಟ್ಟು ತೆಗೆದದ್ದು. ಬರಿಗಾಲು, ಒಣಗಿದ ಎಲೆ, ಕಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ: ಉಣುಗು ಹೇಗೆ ಹತ್ತುತ್ತದೆ ಎಂದು ಈ ಐದನೆಯ ಶಾಟ್ ಒಂದೂ ಮಾತಿಲ್ಲದೆ ಹೇಳುತ್ತದೆ. ಅಲ್ಲಿಗೆ ಹೋಗುವ ಮುಂಚೆ ನೀವೂ ಎಣ್ಣೆ ಹಚ್ಚಿಕೊಳ್ಳಿ, ಉದ್ದ ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಮೈ ತೊಳೆದು ಬಟ್ಟೆ ಒಗೆಯಿರಿ. ಮುಂದಿನ 3ರಿಂದ 8 ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಮಾತಾಡಿಸುವ ಬಗೆ

‘ನಿಮಗೆ ಏನನ್ನಿಸುತ್ತಿದೆ’ ಎಂದು ಮಗನನ್ನು ಕಳೆದುಕೊಂಡವರನ್ನು ಕೇಳುವುದು ನಿಲ್ಲಬೇಕು. ಅದಕ್ಕೆ ಉತ್ತರವಿಲ್ಲ, ಅಳು ಇದೆ. ಆ ಅಳುವನ್ನು ತೋರಿಸಿ ಯಾರಿಗೂ ಏನೂ ತಿಳಿಯುವುದಿಲ್ಲ. ನಡೆದದ್ದನ್ನು ಕೇಳಿ: ‘ಅಮ್ಮಾ, ಜ್ವರ ಶುರುವಾಗಿದ್ದು ಯಾವತ್ತು? ಅವತ್ತು ಬೆಳಿಗ್ಗೆ ಏನು ಮಾಡ್ತಾ ಇದ್ರು? ಮೊದಲು ಯಾರ ಹತ್ರ ಕರ್ಕೊಂಡು ಹೋದ್ರಿ? ಆಸ್ಪತ್ರೆಗೆ ಹೋಗೋಕೆ ಗಾಡಿ ಎಷ್ಟೊತ್ತಿಗೆ ಸಿಕ್ತು?’ ಈ ನಾಲ್ಕು ಪ್ರಶ್ನೆಗಳ ಉತ್ತರದಲ್ಲಿ ವ್ಯವಸ್ಥೆ ಎಲ್ಲಿ ತಡವಾಯಿತು ಎಂಬುದು ದಿನ, ಗಂಟೆ ಸಮೇತ ಸಿಗುತ್ತದೆ. ಉತ್ತರ ಮುಗಿಯಿತು ಅನಿಸಿದ ಮೇಲೆ ಮೂರು ಸೆಕೆಂಡ್ ಸುಮ್ಮನಿರಿ. ಮುಖ್ಯವಾದ ಮಾತು ಬಹಳ ಸಲ ಆಮೇಲೆ ಬರುತ್ತದೆ. ‘ಹೂಂ, ಹೌದ್ಹೌದು’ ಎನ್ನುತ್ತಾ ಅವರ ಮಾತಿನ ಮೇಲೆ ನಿಮ್ಮ ಧ್ವನಿ ಬೀಳಿಸಬೇಡಿ, ತಲೆಯಾಡಿಸಿದರೆ ಸಾಕು.

ಒಪ್ಪಿಗೆ ಕೇಳುವಾಗ ‘ಟಿವಿಗೆ ತಗೋತೀವಿ’ ಎಂದರೆ ಸಾಲದು. ಎಲ್ಲಿ ಬರುತ್ತದೆ, ನೆಂಟರು ಮೊಬೈಲಿನಲ್ಲಿ ನೋಡಬಹುದು, ಒಮ್ಮೆ ಹೊರಗೆ ಹೋದರೆ ಪೂರ್ತಿ ಅಳಿಸಲು ಆಗದು ಎಂದು ಅವರ ಮಾತಿನಲ್ಲೇ ಹೇಳಿ, ಆ ಒಪ್ಪಿಗೆಯನ್ನೂ ರೆಕಾರ್ಡ್ ಮಾಡಿಕೊಳ್ಳಿ. ಅವರ ಆಡುಮಾತನ್ನು ಸಬ್‌ಟೈಟಲಿನಲ್ಲಿ ತಿದ್ದಿ ಗ್ರಾಂಥಿಕ ಮಾಡುವುದು ನಮಗೆ ಸರಿ ಕಾಣುವುದಿಲ್ಲ. ಹವ್ಯಕ, ದೀವರ, ಕಲಬುರಗಿ, ಕುಂದಾಪುರದ ಕನ್ನಡ ಎಲ್ಲವೂ ಕನ್ನಡವೇ. ಬೇರೆ ಸೀಮೆಯವರಿಗೆ ತಿಳಿಯದ ಒಂದೆರಡು ಪದಕ್ಕೆ ಮಾತ್ರ ಅರ್ಥ ಕೊಡಿ.

ಕನ್ನಡ ಅಕ್ಷರ ಒಡೆಯುವ ಜಾಗಗಳು

ಇಲಾಖೆಗಳ ಹಳೆಯ ಕಡತ, ಪತ್ರಿಕಾ ಪ್ರಕಟಣೆಗಳು ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿರುತ್ತವೆ. ನೇರ ಕಾಪಿ ಮಾಡಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಪಿಡಿಎಫ್‌ನಲ್ಲಿ ಪದ ಹುಡುಕಲೂ ಆಗುವುದಿಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿ ಮೂರನ್ನೂ ಮೂಲದೊಡನೆ ಕೂತು ಹೋಲಿಸಿ. ಪರಿವರ್ತನೆಯಲ್ಲಿ ಹೆಚ್ಚು ಕೆಡುವುದು ಇವೇ.

ವಿಡಿಯೋ ಮೇಲೆ ಕನ್ನಡ ಬರೆದಾಗ ‘ಕ್ಷ’ ಒಡೆದು ಕ, ಷ ಬೇರೆಬೇರೆ ಕಂಡರೆ ಅದು ಫಾಂಟಿನ ತಪ್ಪಲ್ಲ. ಅಡೋಬಿಯ ಪ್ರೀಮಿಯರ್, ಹಳೆಯ ಆವೃತ್ತಿಯ ಫೋಟೋಶಾಪ್‌ಗಳಲ್ಲಿ ದಕ್ಷಿಣ ಏಷ್ಯಾ ಲಿಪಿಗಳಿಗೆಂದೇ ಇರುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿ. ಸಬ್‌ಟೈಟಲ್ ಕಡತವನ್ನು ಯುಟಿಎಫ್-8 ಎಂಬ ಯೂನಿಕೋಡ್ ಮಾದರಿಯಲ್ಲೇ ಉಳಿಸಿ, ಇಲ್ಲವಾದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಒಮ್ಮೆಗೆ ಎರಡೇ ಸಾಲು, ಸಾಲಿಗೆ 30–35 ಅಕ್ಷರ. ಕನ್ನಡದ ಪದಗಳು ಉದ್ದ, ಸಣ್ಣ ಫೋನಿನಲ್ಲಿ ಮೂರನೆಯ ಸಾಲು ಮುಖವನ್ನೇ ಮುಚ್ಚುತ್ತದೆ. ಕಡತಗಳ ಹೆಸರನ್ನು ಮಾತ್ರ ರೋಮನ್ ಅಕ್ಷರ, ಅಂಕಿಯಲ್ಲಿಡಿ: ವರ್ಷ, ತಿಂಗಳು, ದಿನ, ಊರು, ಕ್ರಮಸಂಖ್ಯೆ. ಕೆಲವು ಸಾಫ್ಟ್‌ವೇರುಗಳು ಕನ್ನಡ ಹೆಸರಿನ ಕಡತ ತೆರೆಯಲು ತೊಡಕು ಮಾಡುತ್ತವೆ.

ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು

ಸತ್ತ ಮಂಗಗಳ ರಾಶಿಯ ವಿಡಿಯೋ ಒಂದು ಗುಂಪಿನಲ್ಲಿ ಬಂತು, ‘ನಮ್ಮ ಹೋಬಳಿಯದು’ ಎಂಬ ಬರಹದೊಂದಿಗೆ. ಮೊದಲು ಕಳಿಸಿದವರಿಗೆ ಫೋನ್ ಮಾಡಿ: ನೀವೇ ತೆಗೆದದ್ದಾ? ಅಲ್ಲ ಎಂದರೆ ಅವರಿಗೆ ಕಳಿಸಿದವರು ಯಾರು? ಎಳೆ ಹಿಡಿದು ತೆಗೆದವರನ್ನು ಮುಟ್ಟಿದರೆ ಮೂಲ ಕಡತವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಸಾಮಾನ್ಯವಾಗಿ ಕಳಿಸಿದ ಚಿತ್ರದಲ್ಲಿ ದಿನಾಂಕ, ಸ್ಥಳದ ಒಳಮಾಹಿತಿಯನ್ನು ವಾಟ್ಸ್‌ಆ್ಯಪ್ ತೆಗೆದುಹಾಕಿರುತ್ತದೆ. ತೆಗೆದವರು ಸಿಗದಿದ್ದರೆ ಇನ್‌ವಿಡ್ ಎಂಬ ಸಾಧನದಲ್ಲಿ ವಿಡಿಯೋವನ್ನು ಬಿಡಿ ಚಿತ್ರಗಳಾಗಿ ಒಡೆದು ಗೂಗಲ್ ಲೆನ್ಸ್, ಯಾಂಡೆಕ್ಸ್‌ಗಳಲ್ಲಿ ಹುಡುಕಿ. ಹಿನ್ನೆಲೆ ನೋಡಿ: ಅಂಗಡಿ ಫಲಕದ ಲಿಪಿ, ಕಂಬದ ಮೇಲಿನ ಬರಹ, ವಾಹನದ ನಂಬರು. ಕೆಎ 15 ಸಾಗರದ್ದು, ಕೆಎ 31 ಶಿರಸಿಯದು, ಕೆಎ 47 ಹೊನ್ನಾವರದ್ದು. ವಾಹನ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಹಾಗಾಗಿ ಅದು ಸುಳಿವು ಮಾತ್ರ. ಮಾತು ಕೇಳಿಸುತ್ತಿದ್ದರೆ ಯಾವ ಸೀಮೆಯ ಮಾತು ಎಂದು ಆ ಕಡೆಯವರಿಗೆ ಕೇಳಿಸಿ. ಕೊನೆಗೆ ಅರಣ್ಯ ಇಲಾಖೆಯ ಸ್ಥಳೀಯ ಕಚೇರಿ, ಪಂಚಾಯಿತಿಯ ಪಿಡಿಒ ಇಬ್ಬರನ್ನೂ ಕೇಳಿ. ಸುಳ್ಳೆಂದು ಗೊತ್ತಾದರೆ ಅದನ್ನು ತಿಳಿಸುವಾಗ ಮೂಲ ವಿಡಿಯೋವನ್ನು ಹಾಗೇ ಹಂಚಬೇಡಿ. ಚಿತ್ರದ ಮೇಲೆಯೇ ದೊಡ್ಡದಾಗಿ ‘ಸುಳ್ಳು’ ಎಂದು ಬರೆದ ಪ್ರತಿ ಬಳಸಿ.

ಕಾನೂನು, ವೃತ್ತಿನೀತಿಯ ನಾಲ್ಕು ಸಂಗತಿಗಳು ನಾಲಿಗೆಯ ತುದಿಯಲ್ಲಿರಲಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ, ಮಕ್ಕಳಾದರೆ ಪೋಕ್ಸೊ ಕಾಯ್ದೆಯ 23ನೇ ಕಲಂ ಕೂಡ. ಹೆಸರು ಬಿಟ್ಟು ಊರು, ಶಾಲೆ, ತಂದೆಯ ಉದ್ಯೋಗ ಹೇಳಿದರೂ ಸಣ್ಣ ಊರಿನಲ್ಲಿ ಗುರುತು ಸಿಕ್ಕಂತೆಯೇ. ಆತ್ಮಹತ್ಯೆಯ ವರದಿಯಲ್ಲಿ ವಿಧಾನ, ಪತ್ರದ ಚಿತ್ರ, ಜಾಗದ ಫೋಟೋ ಬೇಡ, ಟೆಲಿ ಮಾನಸ್ ಸಹಾಯವಾಣಿ 14416 ಕೊಡಿ. ಚಿಕಿತ್ಸೆಯಲ್ಲಿರುವವರ ಚಿತ್ರ ಅವರ ಒಪ್ಪಿಗೆ ಇಲ್ಲದೆ ಬೇಡ, ವೈದ್ಯರ ಒಪ್ಪಿಗೆ ಅದಕ್ಕೆ ಬದಲಿಯಲ್ಲ. ಸ್ವಂತ ಸುದ್ದಿ ತಾಣ ನಡೆಸುವುದಾದರೆ 2021ರ ಐಟಿ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯ ಹೆಸರು ಹಾಕಿ, ದೂರನ್ನು 15 ದಿನದೊಳಗೆ ಇತ್ಯರ್ಥ ಮಾಡಬೇಕು.

ಜನ ಏನು ಮಾಡಬೇಕು ಎಂದು ಹೇಳುವ ಕೆಲಸ

ಸಂವಹನದ ಕಡೆಗೆ ಬಂದರೆ, ಇಲಾಖೆಯ ಪ್ರಕಟಣೆ ಸಾಮಾನ್ಯವಾಗಿ ಹೀಗಿರುತ್ತದೆ: ‘ಸಾರ್ವಜನಿಕರು ಸೂಕ್ತ ಮುಂಜಾಗ್ರತಾ ಕ್ರಮಗಳನ್ನು ಅನುಸರಿಸತಕ್ಕದ್ದು.’ ಇದನ್ನು ಓದಿ ಯಾರೂ ಏನೂ ಮಾಡಲಾರರು. ಒಂದು ಸಂದೇಶದಲ್ಲಿ ಒಂದೇ ಕೆಲಸ ಹೇಳಿ: ‘ಕಾಡಿಗೆ ಕಾಲಿಡುವ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಚಿ. ಎಣ್ಣೆ ಆಶಾ ಅಕ್ಕನ ಹತ್ತಿರ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.’ ಬಂದ ಮೇಲೆ ಸ್ನಾನ ಮಾಡಿ ಎಂಬುದು ಎರಡನೆಯ ಸಂದೇಶ. ಸತ್ತ ಮಂಗ ಕಂಡರೆ ಮುಟ್ಟದೆ ಪಂಚಾಯಿತಿಗೆ ತಿಳಿಸಿ ಎಂಬುದು ಮೂರನೆಯದು. ಎಂಟು ಸೂಚನೆಗಳನ್ನು ಒಂದೇ ಕರಪತ್ರಕ್ಕೆ ತುಂಬಿದರೆ ಒಂದೂ ಉಳಿಯುವುದಿಲ್ಲ.

ಪೋಸ್ಟರ್ ಅಚ್ಚಿಗೆ ಹೋಗುವ ಮುಂಚೆ ಎಂಟು ಹತ್ತು ಜನರಿಗೆ ತೋರಿಸಿ. ‘ಅರ್ಥವಾಯ್ತಾ’ ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. ‘ಇದನ್ನು ನೋಡಿದ ಮೇಲೆ ನಾಳೆ ನೀವೇನು ಮಾಡ್ತೀರಿ’ ಎಂದು ಕೇಳಿ. ಮಂಗನ ಕಾಯಿಲೆಯ ಪೋಸ್ಟರಿನಲ್ಲಿ ದೊಡ್ಡ ಮಂಗನ ಚಿತ್ರವಿದ್ದರೆ ‘ಮಂಗ ಓಡಿಸ್ತೀವಿ’ ಎಂಬ ಉತ್ತರ ಬರುವ ಅಪಾಯವಿದೆ. ರೋಗದ ಹೆಸರೇ ಆ ದಾರಿ ತಪ್ಪಿಸುತ್ತದೆ, ಚಿತ್ರ ಅದನ್ನು ಗಟ್ಟಿ ಮಾಡುತ್ತದೆ. ಹಾಗೆಂದು ಉಣುಗನ್ನು ಅಂಗೈಯಷ್ಟು ಹಿಗ್ಗಿಸಿ ಮುದ್ರಿಸಿದರೆ ‘ಅಷ್ಟು ದೊಡ್ಡ ಹುಳ ನಮ್ಮಲ್ಲಿಲ್ಲ’ ಎನ್ನುತ್ತಾರೆ. ಕಚ್ಚುವ ಮರಿ ಉಣುಗು ಎಳ್ಳಿಗಿಂತ ಚಿಕ್ಕದು. ಬೆರಳ ತುದಿಯ ಮೇಲೆ ಎಳ್ಳಿನ ಕಾಳು, ಪಕ್ಕದಲ್ಲಿ ಉಣುಗು, ಎರಡೂ ನಿಜ ಗಾತ್ರದಲ್ಲಿ: ಈ ಚಿತ್ರ ಮಾತ್ರ ಸರಿಯಾದ ಅಳತೆ ಕೊಡುತ್ತದೆ.

ಹೊತ್ತು, ಜಾಗ ಎರಡೂ ಮುಖ್ಯ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬಂದವರು ಅದಾದ ಮೇಲೆ ಕಾಡಿಗೆ ಹೋಗುವವರು, ಆದ್ದರಿಂದ ಎಣ್ಣೆಯ ಬಾಟಲಿ, ಸಂದೇಶ ಎರಡೂ ಡೈರಿಯಲ್ಲಿರಬೇಕು. ಸಂತೆಯ ದಿನ ಧ್ವನಿವರ್ಧಕ ಕಟ್ಟಿದ ಆಟೊ ಕೆಲಸ ಮಾಡುತ್ತದೆ. ಯಕ್ಷಗಾನ ಮೇಳಗಳ ತಿರುಗಾಟ ಹೆಚ್ಚುಕಡಿಮೆ ಕಾಯಿಲೆಯ ತಿಂಗಳುಗಳಲ್ಲೇ ನಡೆಯುತ್ತದೆ. ಆಟ ಶುರುವಾಗುವ ಮುಂಚಿನ ಎರಡು ನಿಮಿಷವನ್ನು ಸಂಘಟಕರಲ್ಲಿ ಕೇಳಿ ಪಡೆದರೆ ಅಷ್ಟು ಕಿವಿಗಳು ಬೇರೆಲ್ಲೂ ಸಿಗುವುದಿಲ್ಲ. ವಾಟ್ಸ್‌ಆ್ಯಪ್‌ಗೆ 45 ಸೆಕೆಂಡಿನ ಆಡಿಯೋ ಸಾಕು, ಊರವರಿಗೆ ಪರಿಚಯದ ಧ್ವನಿಯಲ್ಲಿ. ಸಮುದಾಯ ಬಾನುಲಿಯೂ ಇದೆ, ಮಂಗಳೂರಿನ ಸಾರಂಗ್ 107.8, ಬೆಂಗಳೂರಿನ ರೇಡಿಯೋ ಆ್ಯಕ್ಟಿವ್ 90.4ರಂಥವು. ಅವುಗಳಿಗೆ ಸ್ವಂತ ಸುದ್ದಿ ಪ್ರಸಾರ ಮಾಡುವ ಅನುಮತಿ ಇಲ್ಲ, ಸ್ಥಳೀಯ ಆಡಳಿತ ಕೊಡುವ ಆರೋಗ್ಯ ಎಚ್ಚರಿಕೆಯನ್ನು ಪ್ರಸಾರ ಮಾಡಬಹುದು. ವೈದ್ಯಾಧಿಕಾರಿಯ ಸಹಿಯಿರುವ ಪತ್ರ ಹಿಡಿದುಕೊಂಡೇ ಹೋಗಿ.

ಫಲ ಅಳೆಯುವುದು ವ್ಯೂಸ್‌ನಿಂದ ಅಲ್ಲ. ಎಷ್ಟು ಬಾಟಲಿ ಹೋಯಿತು, ಜ್ವರ ಬಂದವರು ಎಷ್ಟನೇ ದಿನ ಆಸ್ಪತ್ರೆಗೆ ಬಂದರು ಎಂಬ ಎರಡು ಅಂಕಿಗಳನ್ನು ಪ್ರಚಾರದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬರೆದಿಡಿ. ಐದನೇ ದಿನಕ್ಕೆ ಬರುತ್ತಿದ್ದವರು ಎರಡನೇ ದಿನಕ್ಕೆ ಬಂದರೆ ನಿಮ್ಮ ಕೆಲಸ ಮುಟ್ಟಿದೆ.

ಓದು, ಹುದ್ದೆ, ಹಣ

ಮೈಸೂರು, ಮಂಗಳೂರು, ಕರ್ನಾಟಕ, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪತ್ರಿಕೋದ್ಯಮ ಇದೆ. ಉಜಿರೆ, ಮೂಡುಬಿದಿರೆಯ ಕಾಲೇಜುಗಳಲ್ಲೂ ಕಲಿಸುತ್ತಾರೆ. ಸೇರುವ ಮುಂಚೆ ವಿಭಾಗಕ್ಕೆ ಹೋಗಿ ಕಳೆದ ವರ್ಷದ ಪ್ರಾಯೋಗಿಕ ಪತ್ರಿಕೆಯ ಸಂಚಿಕೆಗಳನ್ನು ಕೇಳಿ ನೋಡಿ. ಅದು ಸಿಗದಿದ್ದರೆ ಅಲ್ಲಿ ಕೈಕೆಲಸ ಕಲಿಸುವುದು ಅನುಮಾನ. ಕಲಾ ಪದವಿಯೇ ಬೇಕೆಂದಿಲ್ಲ. ನರ್ಸಿಂಗ್, ಕೃಷಿ, ಸಂಖ್ಯಾಶಾಸ್ತ್ರ ಓದಿದವರು ಆ ವಿಷಯದ ವರದಿಯಲ್ಲಿ ನಮಗಿಂತ ನಾಲ್ಕು ಹೆಜ್ಜೆ ಮುಂದಿರುತ್ತಾರೆ.

ಕೆಲಸ ಎಲ್ಲೆಲ್ಲಿದೆ? ಪತ್ರಿಕೆಗಳ ಡಿಜಿಟಲ್ ವಿಭಾಗ, ಚಾನೆಲ್‌ಗಳ ಜಿಲ್ಲಾ ವರದಿಗಾರಿಕೆ, ಸುದ್ದಿ ತಿದ್ದುವ ಡೆಸ್ಕ್. ಗ್ರಾಮೀಣ ವರದಿಗಾರಿಕೆಗೆ ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಕಟ್ಟಿದ ಪರಿ (ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ) ತಾಣ ಕನ್ನಡದಲ್ಲೂ ಪ್ರಕಟವಾಗುತ್ತದೆ, ಹೇಗೆ ಬರೆಯಬೇಕೆಂದು ಕಲಿಯಲು ಅದೊಂದು ಒಳ್ಳೆಯ ಜಾಗ. ಸಂವಹನದ ಕಡೆ, ಜಿಲ್ಲಾ ಆರೋಗ್ಯ ಶಿಕ್ಷಣಾಧಿಕಾರಿಯ ಕಚೇರಿ, ತಾಲ್ಲೂಕು ಪಂಚಾಯಿತಿಯ ಗುತ್ತಿಗೆ ಆಧಾರದ ಐಇಸಿ (ಮಾಹಿತಿ, ಶಿಕ್ಷಣ, ಸಂವಹನ) ಸಂಯೋಜಕ ಹುದ್ದೆ, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ, ಸ್ವಯಂಸೇವಾ ಸಂಸ್ಥೆಗಳು. ಅರ್ಜಿಯ ಜೊತೆ ಐದೇ ಕೆಲಸ ಕಳಿಸಿ, ಎಲ್ಲವೂ ಒಂದೇ ವಿಷಯದ ಮೇಲೆ: ಮೂರು ನಿಮಿಷದ ವಿಡಿಯೋ, ಎಂಟು ನಿಮಿಷದ ಆಡಿಯೋ, ಪೂರ್ತಿ ಅಡಿಬರಹವಿರುವ ಹತ್ತು ಚಿತ್ರ, 800 ಪದಗಳ ವರದಿ, ದಾಖಲೆಯಿಂದ ಕಟ್ಟಿದ ಒಂದು ಅಂಕಿಅಂಶದ ಬರಹ. ಪ್ರತಿಯೊಂದರ ಕೆಳಗೆ ಅದರಲ್ಲಿ ನೀವು ಮಾಡಿದ್ದು ಏನು, ಬೇರೆಯವರು ಮಾಡಿದ್ದು ಏನು ಎಂದು ಎರಡು ಸಾಲು.

ಬಿಡಿಯಾಗಿ ಕೆಲಸ ಮಾಡುವವರು ಹಣದ ಮಾತನ್ನು ಸಂಕೋಚದಿಂದ ಕೊನೆಗೆ ತಳ್ಳುತ್ತಾರೆ, ನಷ್ಟ ಆಗುವುದು ಅಲ್ಲೇ. ಒಪ್ಪಿಕೊಳ್ಳುವ ಮುಂಚೆ ಇಮೇಲ್‌ನಲ್ಲಿ ಐದು ಸಂಗತಿ ಬರೆಸಿಕೊಳ್ಳಿ: ಎಷ್ಟು ಹಣ, ಪ್ರಯಾಣದ ಖರ್ಚು ಅದರಲ್ಲಿ ಸೇರಿದೆಯೇ, ಪ್ರಕಟವಾಗದಿದ್ದರೂ ಎಷ್ಟು ಕೊಡುತ್ತಾರೆ, ಬಿಲ್ಲು ಕೊಟ್ಟ ಎಷ್ಟು ದಿನಕ್ಕೆ ಪಾವತಿ, ಕಚ್ಚಾ ಫುಟೇಜ್ ಯಾರದು. ಶುಲ್ಕದಲ್ಲಿ ಶೇ 10 ಟಿಡಿಎಸ್ (ಪಾವತಿಸುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದರೆ ರಿಟರ್ನ್ಸ್ ಸಲ್ಲಿಸುವಾಗ ತೆರಿಗೆ ಲೆಕ್ಕಕ್ಕೆ ಜಮೆಯಾಗುತ್ತದೆ, ಹಿಡಿದ ಹಣ ನಿಮ್ಮ ಪ್ಯಾನ್‌ಗೆ ಸೇರಿದೆಯೇ ಎಂದು ಆದಾಯ ತೆರಿಗೆ ಜಾಲತಾಣದಲ್ಲಿ ನೋಡಿಕೊಳ್ಳಿ. ಕಚ್ಚಾ ಫುಟೇಜನ್ನು ಬಿಟ್ಟುಕೊಡುವುದಾದರೆ ಅದಕ್ಕೆ ಬೇರೆ ದರ ಕೇಳಿ. ಪ್ರಕಟಿಸುವುದಿಲ್ಲ ಎಂದು ನೀವು ಯಾರಿಗೆ ಮಾತು ಕೊಟ್ಟಿದ್ದೀರೋ ಅವರ ಮುಖ, ಧ್ವನಿ ಅದರಲ್ಲಿ ಇದ್ದರೆ ಕೊಡುವ ಮುಂಚೆ ಆ ಭಾಗವನ್ನು ಕತ್ತರಿಸಿ ತೆಗೆಯಿರಿ. ಉಳಿದದ್ದರ ಮೂರು ಪ್ರತಿ ಇಟ್ಟುಕೊಳ್ಳಿ: ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲೋ ಕ್ಲೌಡಿನಲ್ಲೋ. ಮುಂದಿನ ಡಿಸೆಂಬರಿನಲ್ಲಿ ಅದೇ ಊರಿಗೆ ಹೋದಾಗ ಹೋದ ವರ್ಷ ಯಾರು ಏನು ಹೇಳಿದ್ದರು ಎಂದು ತೆಗೆದು ಕೇಳಬೇಕಾಗುತ್ತದೆ.